ಮಾರ್ಚ್ ಎಂಡ್ ಗಾಬರಿ: ಯಾವ ದಾರಿ ಯಾವಾಗ ಕೈ ಹಿಡಿಯುತ್ತದೆ?

2025ರ ಮಾರ್ಚ್ ಕೊನೆಯ ವಾರ ನೆನಪಿದೆಯಾ? 30ಕ್ಕೆ ಯುಗಾದಿ, 31ಕ್ಕೆ ರಂಜಾನ್, ಅದೇ 31 ಲೆಕ್ಕದ ವರ್ಷದ ಕೊನೆಯ ದಿನ. ಜೊತೆಗೆ ಎಸ್ಸೆಸ್ಸೆಲ್ಸಿ ಪರೀಕ್ಷೆಯೂ ನಡೆಯುತ್ತಿತ್ತು. ನಾನು ಒಂದು ಪತ್ತಿನ ಸಹಕಾರ ಸಂಘದಲ್ಲಿ ಲೆಕ್ಕ ಬರೆಯುವವಳು. ಮಗಳು ಆ ವರ್ಷ ಹತ್ತನೇ ತರಗತಿ. ಕಚೇರಿಯಲ್ಲಿ ಸಾಲ ನವೀಕರಣಕ್ಕೆ ಬಂದವರ ಸಾಲು ಬಾಗಿಲು ದಾಟಿ ನಿಂತಿತ್ತು. ಬ್ಯಾಂಕಿನ ಸ್ಟೇಟ್‌ಮೆಂಟಿಗೂ ನಮ್ಮ ಪುಸ್ತಕಕ್ಕೂ ಸಣ್ಣದೊಂದು ಮೊತ್ತ ತಾಳೆಯಾಗುತ್ತಿರಲಿಲ್ಲ. 29ರ ರಾತ್ರಿ ಎರಡೂವರೆಗೆ ಎಚ್ಚರವಾಯಿತು. ಎದೆ ಢವಢವ, ಅಂಗೈಯೆಲ್ಲ ಬೆವರು. ಏನೋ ಕೆಟ್ಟದ್ದು ಆಗಿಬಿಡುತ್ತದೆ ಎಂಬ ದಿಗಿಲು.

ಆ ರಾತ್ರಿ ಗೊತ್ತಿದ್ದನ್ನೆಲ್ಲ ಮಾಡಿದೆ. ಮೊಬೈಲಿನಲ್ಲಿ ಧ್ಯಾನದ ಆಪ್ ಹಾಕಿದೆ. ಬಿಸಿ ಹಾಲು ಕುಡಿದೆ. ಪ್ರಾಣಾಯಾಮಕ್ಕೆ ಕೂತೆ. ಕೊನೆಗೆ ಲ್ಯಾಪ್‌ಟಾಪ್ ತೆಗೆದು ಲೆಕ್ಕವನ್ನೇ ಮತ್ತೆ ನೋಡಿದೆ. ಒಂದೂ ಕೆಲಸಕ್ಕೆ ಬರಲಿಲ್ಲ. ಆ ದಾರಿಗಳಲ್ಲಿ ಹಲವು ಒಳ್ಳೆಯವೇ, ನಾನು ಹಿಡಿದ ಹೊತ್ತು ತಪ್ಪಾಗಿತ್ತು. ಮಳೆ ಸುರಿಯುವಾಗ ಹೆಂಚು ಹೊದಿಸಲು ಏಣಿ ಹತ್ತಿದ್ದೆ.

ಅಲ್ಲಿಂದ ಈಚೆಗೆ ಓದಿ, ಕೇಳಿ, ಮಾಡಿ ನೋಡಿ ತಿಳಿದದ್ದು ಇಷ್ಟು. ಗಾಬರಿಯ ಪ್ರತಿ ಮದ್ದಿಗೂ ಅದರದೇ ಬಿತ್ತನೆ ಕಾಲ ಇದೆ. ಕೆಲವು ಎರಡು ನಿಮಿಷದಲ್ಲಿ ಕೈ ಹಿಡಿಯುತ್ತವೆ, ಕೆಲವಕ್ಕೆ ಎರಡು ವಾರ ಬೇಕು, ಕೆಲವಕ್ಕೆ ಎರಡು ಮೂರು ತಿಂಗಳೇ ಬೇಕು. ಯಾವುದು ಒಳ್ಳೆಯದು ಅಂತ ಕೇಳುವ ಮೊದಲು, ನಿಮಗೆ ಇನ್ನೂ ಎಷ್ಟು ದಿನ ಇದೆ ಅಂತ ನೋಡಿಕೊಳ್ಳಿ.

ಮೊದಲು: ನಿಮ್ಮದು ಯಾವ ಗಾಬರಿ?

ಒಂದು ಹಾಳೆ ತೆಗೆದುಕೊಂಡು ಒಂದು ದಿನ ಪೂರ್ತಿ, ಎದೆ ಹೊಡೆದುಕೊಂಡಾಗಲೆಲ್ಲ ಆಗ ಏನು ನಡೆಯುತ್ತಿತ್ತು ಅಂತ ಒಂದು ಸಾಲು ಬರೆಯಿರಿ. ಸಂಜೆ ನೋಡಿದರೆ ಸಾಮಾನ್ಯವಾಗಿ ಮೂರು ಗುಂಪು ಕಾಣುತ್ತವೆ.

ಮೊದಲನೆಯದು ಬರೀ ಹೊರೆ. ಎಂಟು ದಿನ ಇದೆ, ಹನ್ನೆರಡು ದಿನದ ಕೆಲಸ ಇದೆ. ಇದು ಮನಸ್ಸಿನ ದೋಷ ಅಲ್ಲ, ಕೂಡಿ ಕಳೆಯುವ ಲೆಕ್ಕ. ಎರಡನೆಯದು ಯೋಚನೆ. ‘ತಾಳೆ ಆಗದೇ ಹೋದರೆ?’, ‘ಮಗಳು ಅರ್ಧಕ್ಕೆ ಬರೆದು ಎದ್ದು ಬಂದರೆ?’ ಹೀಗೆ ‘ಹೋದರೆ, ಬಂದರೆ’ಗಳ ಸಾಲು. ಮೂರನೆಯದು ದೇಹದ್ದು. ಮಧ್ಯಾಹ್ನ ಊಟ ಬಿಟ್ಟದ್ದು, ಐದನೇ ಕಾಫಿ, ನಾಲ್ಕು ಗಂಟೆ ನಿದ್ದೆ.

ಸಾಮಾನ್ಯವಾಗಿ ಮೂರೂ ಕಲಸಿಕೊಂಡಿರುತ್ತವೆ. ಆದರೆ ಯಾವುದು ಜಾಸ್ತಿ ಅಂತ ಗೊತ್ತಾದರೆ ಅರ್ಧ ಆಯ್ಕೆ ಅಲ್ಲೇ ಮುಗಿಯುತ್ತದೆ. ಹೊರೆಗೆ ಪ್ರಾಣಾಯಾಮ ಮದ್ದಲ್ಲ. ಯೋಚನೆಗೆ ಇನ್ನೂ ಎರಡು ಗಂಟೆ ಜಾಸ್ತಿ ದುಡಿಯುವುದು ಮದ್ದಲ್ಲ. ನಾನು ಎಷ್ಟೋ ವರ್ಷ ಈ ಎರಡನ್ನೂ ಅದಲು ಬದಲು ಮಾಡಿದ್ದೆ.

ಒಂದು ಎಚ್ಚರಿಕೆ. ಎದೆ ಹಿಂಡಿದಂತೆ ನೋವು, ಎಡಗೈಗೋ ದವಡೆಗೋ ಹರಡುವ ನೋವು, ಉಸಿರು ಕಟ್ಟುವುದು ಇದ್ದರೆ ‘ಟೆನ್ಷನ್ ಇರಬೇಕು’ ಅಂತ ಮನೆಯಲ್ಲಿ ಕೂರಬೇಡಿ. ಮೊದಲು ಆಸ್ಪತ್ರೆಗೆ ಹೋಗಿ ಇಸಿಜಿ ಮಾಡಿಸಿ. ಥೈರಾಯ್ಡ್ ಜಾಸ್ತಿಯಾದರೂ, ರಕ್ತ ಕಡಿಮೆಯಾದರೂ ಎದೆ ಇದೇ ರೀತಿ ಹೊಡೆದುಕೊಳ್ಳುತ್ತದೆ. ಒಂದು ರಕ್ತ ಪರೀಕ್ಷೆಯಲ್ಲಿ ಅದು ಗೊತ್ತಾಗುತ್ತದೆ.

ಉಸಿರೋ, ನಡಿಗೆಯೋ?

ಇವೆರಡೂ ಆ ಹೊತ್ತಿನ ಮದ್ದು. ಕೌಂಟರಿನ ಮುಂದೆ ಜನ ನಿಂತಿದ್ದಾರೆ, ಎದ್ದು ಹೋಗುವ ಹಾಗಿಲ್ಲ ಅಂದರೆ ಉಸಿರೇ ಸರಿ. ಉಸಿರು ಬಿಡುವಾಗ ಎದೆಬಡಿತ ತುಸು ನಿಧಾನವಾಗುತ್ತದೆ. ಹಾಗಾಗಿ ಒಳಗೆ ಎಳೆದದ್ದಕ್ಕಿಂತ ಹೊರಗೆ ಬಿಡುವುದು ಉದ್ದ ಇರಬೇಕು, ಗುಟ್ಟು ಇಷ್ಟೇ. ನನಗೆ ಒಗ್ಗಿದ್ದು ಹೀಗೆ: ಮೂಗಿನಿಂದ ಒಂದು ಉಸಿರು ಎಳೆದು, ಅದರ ಮೇಲೆ ಇನ್ನೊಂದು ಚಿಕ್ಕ ಉಸಿರು ಸೇರಿಸಿ, ಬಾಯಿಯಿಂದ ನಿಧಾನವಾಗಿ ಪೂರ್ತಿ ಬಿಡುವುದು. 2023ರಲ್ಲಿ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನೂ ಧ್ಯಾನವನ್ನೂ ಪಕ್ಕಪಕ್ಕ ಇಟ್ಟು ನೋಡಿದ್ದರು. ದಿನಕ್ಕೆ 5 ನಿಮಿಷದಂತೆ ಒಂದು ತಿಂಗಳು. ಆತಂಕ ಎರಡು ಗುಂಪಿನಲ್ಲೂ ಇಳಿಯಿತು. ಮನಸ್ಸಿನ ಗೆಲುವು ಮಾತ್ರ ಈ ಉಸಿರಿನವರಲ್ಲಿ ಜಾಸ್ತಿ ಕಂಡಿತು.

ಆದರೆ ಗಮನಿಸಿ, ಅವರು ಅದನ್ನು ದಿನಾ ಮಾಡಿದ್ದರು. ನಾನು 29ರ ರಾತ್ರಿ ಮೊದಲ ಸಲ ಕೂತಿದ್ದೆ. ಈಜು ಬಾರದವರು ಹೊಳೆಗೆ ಬಿದ್ದ ಮೇಲೆ ಕಲಿಯುವುದಕ್ಕಾಗುತ್ತದೆಯೇ? ಫೆಬ್ರುವರಿಯಲ್ಲಿ ಎರಡು ವಾರ, ಮನಸ್ಸು ಶಾಂತವಾಗಿದ್ದಾಗಲೇ ಮಾಡಿ ಅಭ್ಯಾಸ ಮಾಡಿಕೊಳ್ಳಿ. ಭ್ರಾಮರಿ, ನಾಡಿಶೋಧನ ಗೊತ್ತಿದ್ದವರಿಗೆ ಅವೂ ಆಗುತ್ತವೆ. ಕಪಾಲಭಾತಿಯಂಥ ಜೋರು ಉಸಿರನ್ನು ಗಾಬರಿಯ ನಡುವೆ ಮಾಡಬೇಡಿ, ತಲೆ ಸುತ್ತುವುದು ಜಾಸ್ತಿಯಾಗಬಹುದು.

ಕೆಲವರಿಗೆ ಉಸಿರಿನ ಕಡೆ ಗಮನ ಕೊಟ್ಟಷ್ಟೂ ದಿಗಿಲು ಏರುತ್ತದೆ. ನನ್ನ ಜೊತೆ ಕೆಲಸ ಮಾಡುವ ಒಬ್ಬರಿಗೆ ಹಾಗೇ ಆಗುತ್ತದೆ. ಅಂಥವರಿಗೆ ನಡಿಗೆ ಉತ್ತಮ. ಗಾಬರಿಯಾದಾಗ ದೇಹ ಓಡುವುದಕ್ಕೆ ತಯಾರಾಗುತ್ತದೆ. ನಾವು ಕುರ್ಚಿಯಲ್ಲೇ ಕೂತಿರುತ್ತೇವೆ. 20 ನಿಮಿಷ ಬಿರುಸಾಗಿ ನಡೆದರೆ ಆ ತಯಾರಿಗೆ ಒಂದು ದಾರಿ ಸಿಗುತ್ತದೆ. ಮಾರ್ಚ್ ಬಿಸಿಲಿನಲ್ಲಿ ಬೆಳಿಗ್ಗೆ ಎಂಟರ ಒಳಗೆ, ಇಲ್ಲವೇ ಸಂಜೆ ಆರರ ಮೇಲೆ. ನನ್ನ ಅನುಭವದಲ್ಲಿ ಉಸಿರಿನ ಫಲ ಸ್ವಲ್ಪ ಹೊತ್ತು ಇರುತ್ತದೆ, ನಡಿಗೆಯದ್ದು ಆ ಸಂಜೆ ಪೂರ್ತಿ. ನಿಮಗೆ ಒಂದೇ ಒಂದು ಅಭ್ಯಾಸಕ್ಕೆ ಸಮಯ ಇದ್ದರೆ ನಡಿಗೆಯನ್ನೇ ಆರಿಸಿಕೊಳ್ಳಿ ಅನ್ನುತ್ತೇನೆ.

ಪಟ್ಟಿ ಮಾಡುವುದೋ, ಹೊರೆ ಇಳಿಸುವುದೋ?

ಹೊರೆ ಜಾಸ್ತಿಯಾದಾಗ ಎಲ್ಲರೂ ಹೇಳುವುದು ‘ಪಟ್ಟಿ ಮಾಡಿ’ ಅಂತ. ನಾನೂ ಮಾಡುತ್ತಿದ್ದೆ. ಮೂವತ್ತೇಳು ಸಾಲಿನ ಪಟ್ಟಿ ನೋಡಿ ಇನ್ನಷ್ಟು ಕೈಕಾಲು ಆಡುತ್ತಿರಲಿಲ್ಲ. ಪಟ್ಟಿ ಹೊರೆಯನ್ನು ತೋರಿಸುತ್ತದೆ, ಇಳಿಸುವುದಿಲ್ಲ. ಇಳಿಸಬೇಕಾದರೆ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳಬೇಕು: ಈ ಕೊನೆ ದಿನ ನಿಜವಾದದ್ದೋ, ನನ್ನ ಹೆದರಿಕೆ ಹಾಕಿಕೊಂಡದ್ದೋ?

ಕೆಲವು ನಿಜವಾದವು. ಮುಂಗಡ ತೆರಿಗೆಯ ಕೊನೆ ಕಂತು ಮಾರ್ಚ್ 15ಕ್ಕೇ ಕಟ್ಟಬೇಕು. ಪಿಪಿಎಫ್ (ಸಾರ್ವಜನಿಕ ಭವಿಷ್ಯ ನಿಧಿ) ಖಾತೆಗೆ ವರ್ಷಕ್ಕೆ ಕನಿಷ್ಠ 500 ರೂಪಾಯಿ 31ರ ಒಳಗೆ ಬೀಳಬೇಕು. ಬೆಳೆ ಸಾಲ ಕಟ್ಟಿ ನವೀಕರಿಸುವ ರೈತರಿಗೆ ಬಡ್ಡಿ ರಿಯಾಯಿತಿ ತಪ್ಪಬಾರದು, ಆ ದಿನಾಂಕ ನಮ್ಮ ಕೈಯಲ್ಲಿಲ್ಲ. ಆದರೆ ಖಾಸಗಿಯವರು ಮಾರ್ಚ್‌ನಲ್ಲಿ ಮುರಿದುಕೊಂಡ ಟಿಡಿಎಸ್, ಅಂದರೆ ಸಂಬಳ, ಬಡ್ಡಿ ಕೊಡುವಾಗಲೇ ಹಿಡಿದ ತೆರಿಗೆ, ಕಟ್ಟಲು ಏಪ್ರಿಲ್ 30ರ ತನಕ ಅವಕಾಶ ಇದೆ. ಲೆಕ್ಕ ಪರಿಶೋಧಕರಿಗೆ ಕೊಡುವ ಕಡತಗಳನ್ನು ಜೋಡಿಸುವುದು, ಹಳೆ ವೋಚರ್‌ಗಳಿಗೆ ಹೊದಿಕೆ ಹಾಕುವುದು, ಅಲ್ಮೇರಾ ಸರಿ ಮಾಡುವುದು, ಇವೆಲ್ಲ ಏಪ್ರಿಲ್‌ಗೆ ಹೋಗಬಹುದು. ಹೀಗೆ ಕೇಳುತ್ತಾ ಹೋದರೆ ನನ್ನ ಮೂವತ್ತೇಳು ಸಾಲು ಹದಿನಾಲ್ಕಕ್ಕೆ ಇಳಿಯಿತು. ಮನೆಯಲ್ಲೂ ಹಾಗೇ. ಹಬ್ಬಕ್ಕೆ ಬೇವು ಬೆಲ್ಲ ಬೇಕೇ ಬೇಕು, ಕಿಟಕಿ ಪರದೆ ಒಗೆಯಲೇಬೇಕು ಅಂತ ಯಾವ ಪಂಚಾಂಗವೂ ಹೇಳಿಲ್ಲ, ಅಲ್ವಾ?

ಹೊರೆ ಇಳಿಸುವುದರಲ್ಲಿ ಕಷ್ಟದ್ದು ಬಾಯಿಬಿಟ್ಟು ಹೇಳುವುದು. ‘ಆಗುವುದಿಲ್ಲ’ ಅಂತ ಹೇಳುವುದಕ್ಕಿಂತ ಆಯ್ಕೆಯನ್ನು ಎದುರಿನವರ ಮುಂದೆ ಇಡುವುದು ಸುಲಭ ಅಂತ ಕಂಡುಕೊಂಡೆ. ಕಚೇರಿಯಲ್ಲಿ, “ಸರ್, ವಸೂಲಿ ಪಟ್ಟಿ ಮತ್ತೆ ಷೇರು ಲೆಕ್ಕ ಎರಡೂ ಇವತ್ತೇ ಆಗಲ್ಲ. ಮೊದಲು ಯಾವುದು ಬೇಕು ಹೇಳಿ, ಅದನ್ನ ಸಂಜೆಗೆ ಕೊಡ್ತೀನಿ.” ಮನೆಯಲ್ಲಿ, “ಅತ್ತೆ, ಈ ಸಲ ಹೋಳಿಗೆ ಅಂಗಡಿಯಿಂದ ತರೋಣ. ಕೋಸಂಬರಿ, ಮಾವಿನಕಾಯಿ ಚಿತ್ರಾನ್ನ ನಾನು ಮಾಡ್ತೀನಿ.” ನಮ್ಮ ಅತ್ತೆ ಒಂದು ಕ್ಷಣ ಸುಮ್ಮನಿದ್ದು, “ನನಗೂ ಈಗ ಒಲೆ ಮುಂದೆ ಅಷ್ಟು ಹೊತ್ತು ನಿಲ್ಲೋಕೆ ಆಗಲ್ಲಮ್ಮ” ಅಂದರು. ನಾನು ಅವರಿಗಾಗಿ ಮಾಡುತ್ತಿದ್ದೆ, ಅವರು ನನಗಾಗಿ ಮಾಡುತ್ತಿದ್ದರು.

ಬಿತ್ತನೆ ಕಾಲದ ಲೆಕ್ಕದಲ್ಲಿ ಇದಕ್ಕೆ ಜನವರಿ ಸರಿ. ತಿಂಗಳ ತಿಂಗಳ ತಾಳೆ ಮುಗಿಸಿದ್ದರೆ ಮಾರ್ಚ್‌ನಲ್ಲಿ ಹುಡುಕಬೇಕಾದ್ದು ಒಂದು ತಿಂಗಳ ವ್ಯತ್ಯಾಸ ಮಾತ್ರ. ಆದರೂ ಮಾರ್ಚ್ 25ಕ್ಕೆ ಶುರು ಮಾಡಿದರೂ ಅದೇ ದಿನ ಹೊರೆಯನ್ನೇ ಕಡಿಮೆ ಮಾಡುವ ದಾರಿ ಇದೊಂದೇ. ಹೊರೆಯ ಗಾಬರಿ ನಿಮ್ಮದಾಗಿದ್ದರೆ ಬೇರೆ ಏನನ್ನೂ ನೋಡುವ ಮೊದಲು ಇಲ್ಲಿಂದಲೇ ಹೊರಡಿ.

ಚಿಂತೆಗೆ ಹೊತ್ತು ಗೊತ್ತುಮಾಡುವುದೋ, ಯಾರ ಹತ್ತಿರವಾದರೂ ಹೇಳಿಕೊಳ್ಳುವುದೋ?

ಯೋಚನೆಯ ಗಾಬರಿಗೆ ಇವೆರಡು ದಾರಿ. ಮೊದಲನೆಯದು ಕೇಳಲು ವಿಚಿತ್ರ ಅನ್ನಿಸುತ್ತದೆ. ಸಂಜೆ 6.30ರಿಂದ 7ರ ತನಕ ಚಿಂತೆ ಮಾಡುವ ಹೊತ್ತು ಅಂತ ಗೊತ್ತುಮಾಡುವುದು. ಹಗಲಲ್ಲಿ ಚಿಂತೆ ಬಂದರೆ ಜೇಬಿನ ಚೀಟಿಯಲ್ಲಿ ಒಂದು ಪದ ಬರೆದು ‘ಸಂಜೆ ನೋಡೋಣ’ ಅಂತ ಕೆಲಸಕ್ಕೆ ಮರಳುವುದು. ಸಂಜೆ ಆ ಚೀಟಿ ಬಿಡಿಸಿ, ಒಂದೊಂದಕ್ಕೂ ‘ಇದಕ್ಕೆ ನಾನು ಏನಾದರೂ ಮಾಡಬಹುದಾ?’ ಅಂತ ಕೇಳುವುದು. ಮಾಡಬಹುದಾದರೆ ಒಂದು ಹೆಜ್ಜೆ ಬರೆಯುವುದು. ಆಗದಿದ್ದರೆ ಗೆರೆ ಎಳೆದು ಬಿಡುವುದು. ಅಮೆರಿಕದ ಮನಶ್ಶಾಸ್ತ್ರಜ್ಞ ಥಾಮಸ್ ಬೊರ್ಕೊವೆಕ್ ಮತ್ತು ಸಂಗಡಿಗರು 1983ರಲ್ಲೇ ಈ ಕ್ರಮವನ್ನು ಪರೀಕ್ಷಿಸಿ ಬರೆದಿದ್ದಾರೆ. ಮಲಗುವ ಹೊತ್ತಿಗೆ ಹತ್ತಿರ ಇಡಬಾರದು ಅನ್ನುವುದು ಮುಖ್ಯ. ನನಗೆ ಹಿಡಿತ ಬರಲು ಹತ್ತು ದಿನ ಬೇಕಾಯಿತು. ಬೆಳಿಗ್ಗೆ ಬೆಟ್ಟದಂತೆ ಕಂಡ ಎಷ್ಟೋ ಪದಗಳು ಸಂಜೆ ಓದಿದಾಗ ಯಾಕೆ ಬರೆದೆ ಅಂತಲೂ ನೆನಪಾಗುತ್ತಿರಲಿಲ್ಲ.

ಹೇಳಿಕೊಳ್ಳುವುದು ಬೇಗ ಹಗುರ ಮಾಡುತ್ತದೆ. ಆದರೆ ಯಾರ ಹತ್ತಿರ ಅನ್ನುವುದರಲ್ಲಿ ಎಲ್ಲ ಇದೆ. ನಿಮ್ಮದೇ ಕಚೇರಿಯ, ಅದೇ ಬೆಂಕಿಯಲ್ಲಿ ಬೇಯುತ್ತಿರುವ ಗೆಳತಿಯ ಹತ್ತಿರ ಹೇಳಿಕೊಂಡರೆ ಒಬ್ಬರ ದಿಗಿಲು ಇನ್ನೊಬ್ಬರಿಗೆ ಹತ್ತಿ ಇಬ್ಬರದೂ ದುಪ್ಪಟ್ಟಾಗಬಹುದು. ರಾತ್ರಿ ಹತ್ತರ ಮೇಲೆ ಕಚೇರಿಯ ವಾಟ್ಸಾಪ್ ಗುಂಪು ಹೀಗೇ. ನಾನು ಆ ಹೊತ್ತಿಗೆ ಅದರ ಸದ್ದು ನಿಲ್ಲಿಸಿಬಿಡುತ್ತೇನೆ. ಊರಲ್ಲಿರುವ ಅಕ್ಕನಿಗೆ ಟಿಡಿಎಸ್ ಅಂದರೇನು ಅಂತ ಗೊತ್ತಿಲ್ಲ. “ಊಟ ಆಯ್ತೇನೇ?” ಅಂತಷ್ಟೇ ಕೇಳುತ್ತಾಳೆ. ನನಗೆ ಅವಳೇ ಸರಿ.

ಕಾಫಿ, ನಿದ್ದೆ

ಇಲ್ಲಿ ಆಯ್ಕೆಯೇ ಇಲ್ಲ, ಎರಡನ್ನೂ ನೋಡಿಕೊಳ್ಳಲೇಬೇಕು. ಕುಡಿದ ಕಾಫಿಯ ಕೆಫೀನಿನಲ್ಲಿ ಅರ್ಧದಷ್ಟು ಸುಮಾರು ಐದು ಗಂಟೆಯ ಮೇಲೂ ಮೈಯಲ್ಲಿ ಉಳಿದಿರುತ್ತದೆ. ಸಂಜೆ ಐದರ ಫಿಲ್ಟರ್ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಲೋಟದ ಕೆಲಸ ಮಾಡುತ್ತಿರುತ್ತದೆ ಅಂದಹಾಗಾಯಿತು. ಒಮ್ಮೆಲೇ ಬಿಟ್ಟರೆ ತಲೆನೋವು ಬರುತ್ತದೆ. ಪೂರ್ತಿ ಲೋಟದ ಬದಲು ಬೈಟು ಮಾಡಿಕೊಳ್ಳಿ, ಮಧ್ಯಾಹ್ನ ಎರಡರ ಮೇಲೆ ಮಜ್ಜಿಗೆ ಸಾಕು. ಧೈರ್ಯಕ್ಕೆ ಅಂತ ಒಂದು ಪೆಗ್ ಹಾಕುವವರಿಗೆ ಅದು ಎರಡು ಗಂಟೆ ಹಗುರ ಅನ್ನಿಸಬಹುದು. ನಡುರಾತ್ರಿ ಎಚ್ಚರ ಮಾಡಿಸಿ ಮರುದಿನ ಗಾಬರಿಯನ್ನು ಹೆಚ್ಚಿಸುವುದೂ ಅದೇ.

ನಿದ್ದೆಗೆಟ್ಟು ಹುಡುಕಿದ ವ್ಯತ್ಯಾಸ ನನಗೆ ಒಮ್ಮೆಯೂ ಸಿಕ್ಕಿಲ್ಲ. 2025ರ ಆ ಮೊತ್ತ ಕೂಡ ಬೆಳಿಗ್ಗೆ ಹತ್ತಕ್ಕೆ ಸಿಕ್ಕಿತು. ಎರಡು ಅಂಕಿ ಹಿಂದುಮುಂದಾಗಿದ್ದವು.

ಆಪ್, 14416, ಆಪ್ತಸಲಹೆಗಾರರು, ಮನೋವೈದ್ಯರು

ಮಾರ್ಚ್ ಮುಗಿದ ಮೇಲೂ ಗಾಬರಿ ಇಳಿಯದಿದ್ದರೆ, ಕೆಲಸಕ್ಕೆ ಹೋಗುವುದೇ ಭಯ ಅನ್ನಿಸಿದರೆ, ವಾರಗಟ್ಟಲೆ ನಿದ್ದೆ ಇಲ್ಲದಿದ್ದರೆ, ಮನೆಯ ಮದ್ದು ಸಾಲದು. ಅಳೆದುಕೊಳ್ಳಲು ಜಿಎಡಿ-7 ಎಂಬ ಪ್ರಶ್ನಾವಳಿ ಇದೆ. ಕಳೆದ ಎರಡು ವಾರದ ಬಗ್ಗೆ ಏಳು ಪ್ರಶ್ನೆ, ಅಂಕ 0ಯಿಂದ 21. ಹತ್ತು ಅಥವಾ ಅದಕ್ಕಿಂತ ಜಾಸ್ತಿ ಬಂದರೆ ತಿಳಿದವರಿಗೆ ತೋರಿಸಿ ಅಂತ ಅರ್ಥ. ಅದು ರೋಗ ಇದೆ ಅಂತ ಹೇಳುವ ತೀರ್ಪಲ್ಲ.

ಆಪ್‌ಗಳು ಅಭ್ಯಾಸ ನೆನಪಿಸುವುದಕ್ಕೆ ಸಾಕು, ಅದಕ್ಕಿಂತ ಜಾಸ್ತಿ ನಿರೀಕ್ಷೆ ಬೇಡ.

14416 ಅಂದರೆ ಟೆಲಿ ಮಾನಸ್. 2022ರ ಅಕ್ಟೋಬರ್ 10ರಂದು, ವಿಶ್ವ ಮಾನಸಿಕ ಆರೋಗ್ಯ ದಿನ, ಶುರುವಾದ ಸರ್ಕಾರದ ಸಹಾಯವಾಣಿ. ಬೆಂಗಳೂರಿನ ನಿಮ್ಹಾನ್ಸ್ ಇದರ ಮುಖ್ಯ ಕೇಂದ್ರ. ದಿನದ 24 ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ಮೊದಲು ಆಪ್ತಸಲಹೆಗಾರರು ಕೇಳಿಸಿಕೊಳ್ಳುತ್ತಾರೆ, ಬೇಕಾದರೆ ಮುಂದಿನ ವೈದ್ಯರಿಗೆ ಜೋಡಿಸುತ್ತಾರೆ. ನಡುರಾತ್ರಿ ಎರಡೂವರೆಗೆ ಇದಕ್ಕೆ ಸಾಟಿ ಬೇರೆ ಇಲ್ಲ. ಆ ರಾತ್ರಿ ನನಗೆ ಈ ನಂಬರ್ ಗೊತ್ತಿದ್ದಿದ್ದರೆ ಲ್ಯಾಪ್‌ಟಾಪ್ ತೆಗೆಯುತ್ತಿರಲಿಲ್ಲ. ಆದರೆ ವಾರ ವಾರ ಒಬ್ಬರೇ ನಿಮ್ಮನ್ನು ನೋಡಿ, ನಿಮ್ಮ ಕತೆ ನೆನಪಿಟ್ಟು ಮುಂದೆ ನಡೆಸಬೇಕು ಅಂದರೆ ಎದುರು ಕೂತು ಮಾತಾಡುವ ಸಲಹೆಗಾರರೇ ಬೇಕು.

ಆಪ್ತಸಲಹೆ ಬಹಳ ಗಟ್ಟಿಯಾದ ದಾರಿ, ನಿಧಾನದ ದಾರಿ ಕೂಡ. ಯೋಚನೆ ಮತ್ತು ನಡವಳಿಕೆಯನ್ನು ತಿದ್ದುವ ಸಿಬಿಟಿ ಚಿಕಿತ್ಸೆಗೆ ಸಾಮಾನ್ಯವಾಗಿ ವಾರಕ್ಕೊಂದರಂತೆ ಹತ್ತು ಹನ್ನೆರಡು ಭೇಟಿ ಬೇಕಾಗುತ್ತದೆ. ಮಾರ್ಚ್‌ಗೆ ಫಲ ಬೇಕಾದರೆ ಡಿಸೆಂಬರ್‌ನಲ್ಲೇ ಶುರು ಮಾಡಬೇಕು. ಪ್ರತಿ ವರ್ಷ ಇದೇ ತಿಂಗಳು ಕುಸಿಯುವವರಿಗೆ ನನ್ನ ಮೊದಲ ಆಯ್ಕೆ ಇದೇ. ಕಲಿತದ್ದು ಮುಂದಿನ ವರ್ಷಕ್ಕೂ ಉಳಿಯುತ್ತದೆ. ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ಹೇಳಿಕೊಳ್ಳುವವರನ್ನು ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಇದೆಯಾ ಅಂತ ಸಂಕೋಚ ಇಲ್ಲದೆ ಕೇಳಿ.

ಮನೋವೈದ್ಯರು ಎಂಬಿಬಿಎಸ್ ಓದಿದ ವೈದ್ಯರೇ. ಮಾತ್ರೆ ಬರೆಯುವ ಅಧಿಕಾರ ಅವರಿಗಿದೆ. ಖರ್ಚಿನ ಯೋಚನೆ ಇದ್ದವರು ಜಿಲ್ಲಾಸ್ಪತ್ರೆಗೆ ಹೋಗಬಹುದು. ತಾಲ್ಲೂಕು ಆಸ್ಪತ್ರೆಗಳಲ್ಲಿ ‘ಮನೋಚೈತನ್ಯ’ ಕಾರ್ಯಕ್ರಮದಡಿ ಮಂಗಳವಾರಗಳಂದು ಮನೋವೈದ್ಯರು ಬರುವ ಏರ್ಪಾಡಿದೆ, ನಿಮ್ಮ ಆಸ್ಪತ್ರೆಯಲ್ಲಿ ದಿನ ವಿಚಾರಿಸಿಕೊಂಡು ಹೊರಡಿ. ‘ಯಾರಿಗಾದರೂ ಗೊತ್ತಾದರೆ?’ ಅನ್ನುವ ಅಳುಕು ನನಗೂ ಇತ್ತು. 2017ರ ಮಾನಸಿಕ ಆರೋಗ್ಯ ಪಾಲನಾ ಕಾಯ್ದೆ ನಿಮ್ಮ ಚಿಕಿತ್ಸೆಯ ವಿಷಯ ಗುಟ್ಟಾಗಿರುವುದನ್ನು ನಿಮ್ಮ ಹಕ್ಕು ಅಂತಲೇ ಹೇಳುತ್ತದೆ.

ಬದುಕೇ ಬೇಡ ಅನ್ನಿಸಿದರೆ ಈ ಹೋಲಿಕೆ ಯಾವುದೂ ಬೇಡ. ಪಕ್ಕದಲ್ಲಿರುವವರನ್ನು ಎಬ್ಬಿಸಿ, 14416ಕ್ಕೋ 112ಕ್ಕೋ ಕರೆ ಮಾಡಿ, ಹತ್ತಿರದ ಆಸ್ಪತ್ರೆಗೆ ಹೋಗಿ. ಒಬ್ಬರೇ ಇರಬೇಡಿ.

ಮಾತ್ರೆಯ ವಿಷಯ

ಪರಿಚಯದ ಮೆಡಿಕಲ್ ಅಂಗಡಿಯಲ್ಲಿ ‘ನಿದ್ದೆಗೆ ಒಂದು ಕೊಡಿ’ ಅಂತ ಕೇಳುವುದು, ಅಕ್ಕಪಕ್ಕದವರ ಮಾತ್ರೆ ನುಂಗುವುದು ನಮ್ಮಲ್ಲಿ ಇದೆ. ಆಲ್ಪ್ರಾಜೋಲಾಮ್‌ನಂಥ ಮಾತ್ರೆ ಅರ್ಧ, ಒಂದು ಗಂಟೆಯಲ್ಲಿ ಕೆಲಸ ಮಾಡುತ್ತದೆ ನಿಜ. ಅದರ ಅಪಾಯವೂ ಅಲ್ಲೇ ಇದೆ. ಅಭ್ಯಾಸ ಹತ್ತುತ್ತದೆ, ಒಮ್ಮೆಲೇ ನಿಲ್ಲಿಸಿದರೆ ತೊಂದರೆ ಕೊಡುತ್ತದೆ. ವೈದ್ಯರ ಚೀಟಿ ಇಲ್ಲದೆ ಮಾರಬಾರದ ಮದ್ದು ಅದು. ಮರುದಿನ ಮಂಕು ಕವಿದು ನೀವು ಬರೆದ ಲೆಕ್ಕದಲ್ಲೂ ತಪ್ಪು ನುಸುಳಬಹುದು.

ಆತಂಕಕ್ಕೆ ವೈದ್ಯರು ಸಾಮಾನ್ಯವಾಗಿ ಬರೆಯುವ ಎಸ್ಸಿಟಾಲೋಪ್ರಾಮ್‌ನಂಥವು ಬೇರೆ ಬಗೆ. ಅವು ಚಟ ಹತ್ತಿಸುವಂಥವಲ್ಲ, ಆದರೆ ಫಲ ಕಾಣಲು ಎರಡರಿಂದ ಆರು ವಾರ ಬೇಕು. ಮೊದಲ ವಾರ ತಳಮಳ ತುಸು ಜಾಸ್ತಿಯೂ ಆಗಬಹುದು. ಮಾರ್ಚ್ 20ಕ್ಕೆ ಶುರು ಮಾಡಿ 25ಕ್ಕೆ ‘ಇದರಿಂದ ಏನೂ ಆಗಲಿಲ್ಲ’ ಅಂತ ಬಿಡುವವರು ಈ ಲೆಕ್ಕ ತಿಳಿದಿರಬೇಕು. ಶುರು ಮಾಡುವುದೂ ಬಿಡುವುದೂ ವೈದ್ಯರನ್ನು ಕೇಳಿಯೇ.

ಮನೆಯಲ್ಲಿ ಪರೀಕ್ಷೆಯ ಮಗು ಇದ್ದರೆ

ನನ್ನ ಮಗಳು ಆ ವಾರ ಪ್ರಶ್ನೆಪತ್ರಿಕೆಗೆ ಹೆದರಿದ್ದಕ್ಕಿಂತ ನನ್ನ ಮುಖಕ್ಕೆ ಹೆದರಿದ್ದೇ ಹೆಚ್ಚು. ಆಮೇಲೆ ಅವಳೇ ಹೇಳಿದಳು. ಬೆಳಿಗ್ಗೆ ನಾಲ್ಕಕ್ಕೆ ಎಬ್ಬಿಸುವುದೋ, ಮಲಗಲು ಬಿಡುವುದೋ ಅಂದರೆ ಮಲಗಲು ಬಿಡಿ. ಓದಿದ್ದು ಗಟ್ಟಿಯಾಗುವುದು ನಿದ್ದೆಯಲ್ಲೇ. 2023-24ರಿಂದ ನಮ್ಮ ರಾಜ್ಯದ ಎಸ್ಸೆಸ್ಸೆಲ್ಸಿ, ಪಿಯುಸಿಯಲ್ಲಿ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆ ಬರೆಯುವ ಅವಕಾಶ ಬಂದಿದೆ. ಪರೀಕ್ಷೆ-1ರಲ್ಲಿ ಕಡಿಮೆ ಬಂದರೆ ಪರೀಕ್ಷೆ-2 ಇದೆ. ಇದನ್ನು ಮಗುವಿಗೆ ಫಲಿತಾಂಶ ಬಂದ ಮೇಲೆ ಅಲ್ಲ, ಪರೀಕ್ಷೆಗೆ ಮೊದಲೇ ಹೇಳಿ.

ಇದನ್ನು ಓದುವಾಗಲೇ ಮಾರ್ಚ್ 28 ಆಗಿದ್ದರೆ

ಈಗ ಹೊಸ ಅಭ್ಯಾಸ ಯಾವುದೂ ಬೇಡ. ಪಟ್ಟಿ ತೆಗೆದು ಏಪ್ರಿಲ್‌ಗೆ ಹೋಗಬಹುದಾದ ಸಾಲುಗಳಿಗೆಲ್ಲ ಗೆರೆ ಎಳೆಯಿರಿ. ಮಧ್ಯಾಹ್ನ ಊಟ ಮಾಡಿ. ಎರಡರ ಮೇಲೆ ಕಾಫಿ ಬೇಡ. ಸಂಜೆ 20 ನಿಮಿಷ ನಡೆಯಿರಿ. ರಾತ್ರಿ ಎದೆ ಹೊಡೆದುಕೊಂಡು ಎಚ್ಚರವಾದರೆ ಇದು ನೆನಪಿರಲಿ: ಇಂಥ ಗಾಬರಿ ಸುಮಾರು ಹತ್ತು ನಿಮಿಷದಲ್ಲಿ ತುದಿ ಮುಟ್ಟಿ, ಆಮೇಲೆ ತಾನಾಗಿ ಇಳಿಯುತ್ತದೆ. ದೀಪ ಹಾಕಿ, ಮುಖಕ್ಕೆ ತಣ್ಣೀರು ಹಾಕಿಕೊಂಡು, ಉದ್ದ ಉಸಿರು ಬಿಡುತ್ತಾ ಆ ಹತ್ತು ನಿಮಿಷ ದಾಟಿಸಿ. ಇಳಿಯದಿದ್ದರೆ 14416. ಲ್ಯಾಪ್‌ಟಾಪ್ ಬೆಳಿಗ್ಗೆಗೆ ಇರಲಿ.